ಬಂಡಿಯ ಬೆನ್ನಿನ ಹೊರೆ

ವೀರಗಲ್ಲುಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಹುಚ್ಚು ನನಗೆ ಹಳೆಯದು. ಅದಕ್ಕಾಗಿ ಕೊಂಡ ಬಂಡಿ ಮಾತ್ರ ಹೊಸದು. ಸೊರಬ, ಸಾಗರ, ಶಿಕಾರಿಪುರಗಳ ಸೀಮೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಬಿದಿರುಮೆಳೆಯ ನಡುವೆ, ಒಮ್ಮೊಮ್ಮೆ ಬಚ್ಚಲಿನ ಹಾಸುಗಲ್ಲಾಗಿಯೂ ಅವು ಸಿಕ್ಕುತ್ತವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಟ್ಟುಗೂಡಿಸಿ 1904ರಲ್ಲಿ ಅಚ್ಚುಹಾಕಿಸಿದರು. ಆ ಮಹಾನುಭಾವರ ಬಲೆಗೆ ಸಿಕ್ಕದೆ ಉಳಿದ ಕಲ್ಲುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ತಲೆಯೆತ್ತುತ್ತಲೇ ಇವೆ. ಅಂಥ ಒಂದು ಕಲ್ಲನ್ನು ಕಂಡೆನೆಂದರೆ ನನಗೆ ಅಂದಿನ ಊಟ ರುಚಿಸುವುದಿಲ್ಲ. ಊಟಕ್ಕೆ ಕುಳಿತುಕೊಳ್ಳುವ ವ್ಯವಧಾನವಾದರೂ ಎಲ್ಲಿ?

ಈ ಕಲ್ಲುಗಳ ಬಳಿಗೆ ಬಸ್ಸು ಹೋಗದು. ಬಸ್ಸು ಇಳಿಸಿದಲ್ಲಿಂದ ಮುಂದೆ ಗಾಡಿಯ ಜಾಡು, ಜಾಡು ಮುಗಿದ ಮೇಲೆ ಕಾಲುದಾರಿ. ನನ್ನ ಹಳೆಯ ಸ್ಕೂಟರಿನ ಪುಟ್ಟ ಗಾಲಿಗಳು ಕೊರಕಲುಗಳಲ್ಲಿ ಸಿಕ್ಕಿಕೊಂಡು ನನ್ನನ್ನು ಎಷ್ಟು ಸಲ ನೆಲಕ್ಕೆ ಕೆಡವಿದವೋ ಲೆಕ್ಕವಿಲ್ಲ. ಕೊನೆಗೆ 2021ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಎಂಬ ಮೋಟಾರು ಸೈಕಲ್ಲನ್ನು ಕೊಂಡೆ. 199.6 ಸಿ.ಸಿ.ಯ ಸಣ್ಣ ಎಂಜಿನ್ನು, 21 ಅಂಗುಲದ ಮುಂಗಾಲಿ, 18 ಅಂಗುಲದ ಹಿಂಗಾಲಿ, ನೆಲಕ್ಕೂ ಹೊಟ್ಟೆಗೂ ನಡುವೆ 220 ಮಿಲಿಮೀಟರು ಅಂತರ. ಈ ವರ್ಗದ ಬಂಡಿಗಳಿಗೆ ಸಾಹಸದ ಬೈಕುಗಳೆಂದು ಹೆಸರು. ಐವತ್ತು ದಾಟಿದ ಮೇಷ್ಟರಿಗೆ ಸಾಹಸದ ಚಪಲವೇತಕ್ಕೆ ಎಂದು ಮನೆಯಲ್ಲಿ ನಕ್ಕರು. ನನಗೆ ಬೇಕಾಗಿದ್ದದ್ದು ಸಾಹಸವಲ್ಲ, ಕೊರಕಲಿಗೆ ಹೆದರದ ದೊಡ್ಡ ಗಾಲಿ.

ಬಂಡಿಯೇನೋ ಬಂತು. ಹೊರೆಯ ಪ್ರಶ್ನೆ ಉಳಿಯಿತು. ಶಾಸನದ ಪಡಿಯಚ್ಚು ತೆಗೆಯುವವನ ಸರಂಜಾಮು ಸ್ವಲ್ಪದ್ದಲ್ಲ. ಕಾಗದದ ಸುರುಳಿ, ಕಲ್ಲನ್ನು ಉಜ್ಜುವ ನಾರಿನ ಬ್ರಷ್ಷು, ಕಾಗದವನ್ನು ಬಡಿಯುವ ಗಟ್ಟಿ ಕೂದಲಿನ ಇನ್ನೊಂದು ಬ್ರಷ್ಷು, ಶಾಯಿ, ಶಾಯಿಯೊತ್ತುವ ಬಟ್ಟೆಯ ಉಂಡೆ, ನೀರಿನ ಕ್ಯಾನು. ಇದರ ಮೇಲೆ ಬಂಡಿಯ ಸ್ವಂತದ ಸಂಸಾರ: ಸ್ಪ್ಯಾನರುಗಳು, ಟ್ಯೂಬು, ಗಾಳಿಯ ಪಂಪು. ಇನ್ನು ಮಳೆಯಂಗಿ, ಬುತ್ತಿ, ಒಂದು ಜೊತೆ ಬಟ್ಟೆ.

ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ನೋಡಿದೆ. ಬೀಗವುಂಟು, ನೀರು ನುಗ್ಗದ ಅಂಚುಂಟು, ನೋಡಲು ರಾಜಠೀವಿ. ಆದರೆ ಎರಡು ಪೆಟ್ಟಿಗೆಗಳೂ ಅವನ್ನು ಹೊರುವ ಚೌಕಟ್ಟೂ ಸೇರಿ, ಒಳಗೆ ಒಂದು ಕರವಸ್ತ್ರವನ್ನೂ ಇಡುವ ಮೊದಲೇ, ಹತ್ತು ಕಿಲೋಗೂ ಮೀರಿ ತೂಗುತ್ತಿದ್ದವು. ಬೆಲೆಯ ಮಾತನ್ನು ಎತ್ತದಿರುವುದೇ ಲೇಸು. ಪಕ್ಕದಲ್ಲಿ ಬಟ್ಟೆಯ ಚೀಲಗಳಿದ್ದವು, ಎತ್ತಿನ ಬೆನ್ನಿನ ಹೇರಿನಂತೆ ಸೀಟಿನ ಎರಡೂ ಬದಿಗೆ ಇಳಿಬೀಳುವಂಥವು. ಇವು ಹಗುರ, ಅಗ್ಗ; ಬಂಡಿ ಉರುಳಿದರೆ ಕಾಲಿನ ಮೇಲೆ ಬಿದ್ದರೂ ಮೂಳೆ ಉಳಿಯುತ್ತದೆ. ಆದರೆ ಅವು ನನ್ನ ಕಣ್ಣಿಗೆ ಬಡಕಲಾಗಿ ಕಂಡವು. ಬಾಲ್ಯದಲ್ಲಿ ತಗಡಿನ ಟ್ರಂಕಿಗೆ ಬೀಗ ಹಾಕಿಕೊಂಡು ಹಾಸ್ಟೆಲಿಗೆ ಹೋದವನಿಗೆ ಬೀಗವಿಲ್ಲದ ಸಾಮಾನು ಸಾಮಾನೇ ಅಲ್ಲ.

ಹೀಗಾಗಿ ನಡುದಾರಿ ಹಿಡಿದೆ. ನಡುದಾರಿ ಯಾವಾಗಲೂ ಶ್ರೇಷ್ಠವೆಂದು ಹೇಳಿದವರು ಮೋಟಾರು ಸೈಕಲ್ಲಿಗೆ ಸಾಮಾನು ಕಟ್ಟಿದವರಲ್ಲ. ಬಟ್ಟೆಯ ಚೀಲಗಳನ್ನೂ ಕೊಂಡೆ. ಜೊತೆಗೆ ನಾನೇ ನಕ್ಷೆ ಬರೆದುಕೊಟ್ಟು ಕಬ್ಬಿಣದ ಕ್ಯಾರಿಯರೊಂದನ್ನು ವೆಲ್ಡಿಂಗ್ ಮಾಡಿಸಿ, ಸೀಟಿನ ಹಿಂದುಗಡೆ ಎತ್ತರದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕೂರಿಸಿದೆ. ಮೊದಲ ವಾರವೇ ಬಲಗಡೆಯ ಚೀಲ ಕಮಟು ವಾಸನೆ ಹೊಡೆಯಿತು. ಈ ಬಂಡಿಯ ಸೈಲೆನ್ಸರು ಬಲಬದಿಯಲ್ಲಿ ಮೇಲಕ್ಕೆ ಬಾಗಿದೆ, ನೀರು ದಾಟುವಾಗ ಅನುಕೂಲವಾಗಲೆಂದು. ಚೀಲದ ತಳ ಅದಕ್ಕೆ ತಗುಲಿ ಅಂಗೈಯಗಲದ ತೂತಾಗಿತ್ತು. ಒಳಗಿದ್ದ ಮಳೆಯಂಗಿಯ ಒಂದು ತೋಳು ಕರಗಿ ಹೋಗಿತ್ತು. ಬಲಚೀಲವನ್ನು ಬಿಚ್ಚಿ ಅಟ್ಟಕ್ಕೆ ಎಸೆದು, ಅದರ ಸಾಮಾನನ್ನೆಲ್ಲ ಹಿಂದಿನ ಪೆಟ್ಟಿಗೆಗೆ ತುಂಬಿದೆ. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆನೆಂದು ಆಗ ಹೊಳೆಯಲಿಲ್ಲ.

ಎತ್ತಿನ ಗಾಡಿ ಹೊಡೆದವರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಭಾರವೆಲ್ಲ ಗಾಡಿಯ ಹಿಂದಕ್ಕೆ ಬಿದ್ದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತದೆಂದು ಹಳ್ಳಿಯ ಹುಡುಗನಿಗೂ ಗೊತ್ತು. ಮೋಟಾರು ಸೈಕಲ್ಲಿನಲ್ಲಿಯೂ ಅಷ್ಟೇ. ಹಿಂಗಾಲಿಯ ಅಚ್ಚಿಗಿಂತಲೂ ಹಿಂದೆ, ಎತ್ತರದಲ್ಲಿ ಭಾರ ಹೇರಿದರೆ ಮುಂಗಾಲಿ ಹಗುರವಾಗುತ್ತದೆ. ಹ್ಯಾಂಡಲು ಕೈಯಲ್ಲಿ ನಡುಗುತ್ತದೆ. ಕೆಸರಿನಲ್ಲಿ ತಿರುಗಿಸಿದತ್ತ ತಿರುಗುವುದಿಲ್ಲ. ಆ ನಡುಕವನ್ನು ನಾನು ರಸ್ತೆಯ ದೋಷವೆಂದು ತಿಳಿದುಕೊಂಡೆ.

ಇನ್ನು ಚೈನಿನ ವಿಷಯ. ಸೈಕಲ್ಲು ತುಳಿಯುತ್ತಿದ್ದ ಕಾಲದಿಂದಲೂ ಜೋಲುವ ಚೈನೆಂದರೆ ನನಗೆ ಅಸಹ್ಯ. ಜೋತು ಬಿದ್ದ ಚೈನು ಕಳಚಿ, ಪಂಚೆಗೆ ಸಿಕ್ಕಿ, ಬೀದಿಯಲ್ಲಿ ಮಾನ ಹೋದ ನೆನಪು ಅಷ್ಟು ಬೇಗ ಮಾಸುವುದಿಲ್ಲ. ಆದ್ದರಿಂದ ಹೊಸ ಬಂಡಿಯ ಚೈನನ್ನು ತಿಂಗಳಿಗೊಮ್ಮೆ ನಾನೇ, ಯಾರನ್ನೂ ಕೇಳದೆ, ಬಿಗಿಮಾಡುತ್ತಿದ್ದೆ. ಬೆರಳಿನಿಂದ ಮೀಟಿದರೆ ‘ಟಂಯ್’ ಎನ್ನಬೇಕು, ಆಗ ಸಮಾಧಾನ.

2022ರ ದಸರಾ ರಜೆಯಲ್ಲಿ, ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆರೆಯ ಕೋಡಿಯ ಹತ್ತಿರ ಅಕ್ಷರವಿರುವ ಕಲ್ಲೊಂದಿದೆಯೆಂದು ಹಳೆಯ ವಿದ್ಯಾರ್ಥಿಯೊಬ್ಬ ತಿಳಿಸಿದ. ಮುದ್ರಿತ ಸಂಪುಟಗಳನ್ನು ತಿರುವಿ ಹಾಕಿದೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮರುದಿನ ನಸುಕಿನಲ್ಲೇ ಶಿವಮೊಗ್ಗ ಬಿಟ್ಟೆ.

ಕಲ್ಲು ಎದೆಮಟ್ಟದ್ದು. ಮೂರು ಹಂತದ ಶಿಲ್ಪ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಹಂತಗಳ ನಡುವಿನ ಪಟ್ಟಿಗಳಲ್ಲಿ ಮೂರು ಸಾಲು ಬರಹ. ಪಾಚಿಯನ್ನು ತೊಳೆಯುವುದಕ್ಕೇ ಎರಡು ಗಂಟೆ ಹಿಡಿಯಿತು. ಊರಿನವರು ಒಬ್ಬೊಬ್ಬರಾಗಿ ಬಂದು ನಿಂತರು. ಹಿರಿಯರೊಬ್ಬರು ತಾವೇ ಕೊಡದಲ್ಲಿ ನೀರು ತಂದುಕೊಟ್ಟರು. ನೆನೆಸಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರಗಳ ಒಳಗಿಳಿಸಿ, ಅರೆ ಆರಿದ ಮೇಲೆ ಶಾಯಿಯೊತ್ತಿದೆ. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ನೋಡುವ ಸುಖವನ್ನು ಬರೆದು ತಿಳಿಸಲಾರೆ. ಮೊದಲ ಸಾಲಿನಲ್ಲಿ ಊರಿನ ಹೆಸರು. ಎರಡನೆಯದರಲ್ಲಿ ತುರುಗಳನ್ನು ಬಿಡಿಸಲು ಹೋರಾಡಿ ಸತ್ತ ಸಂಗತಿ. ಸತ್ತವನ ಹೆಸರು ಇರಬೇಕಾದದ್ದು ಮೂರನೆಯ ಸಾಲಿನಲ್ಲಿ. ಅದು ತೀರ ಸವೆದಿತ್ತು. ಮನೆಯಲ್ಲಿ ದೀಪದ ಕೆಳಗೆ ನಿಧಾನವಾಗಿ ಓದಿದರಾಯಿತೆಂದು ಕಾಗದವನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಮೊಬೈಲಿನಲ್ಲಿ ಫೋಟೋಗಳನ್ನೂ ತೆಗೆದಿದ್ದೆ. ಆದರೆ ಅಂದು ಮೋಡ ಕವಿದಿತ್ತು. ಓರೆಬಿಸಿಲು ಇಲ್ಲದಿದ್ದರೆ ಸವೆದ ಅಕ್ಷರ ಫೋಟೋದಲ್ಲಿ ಬರಿಯ ಕಲ್ಲಾಗಿಯೇ ಉಳಿಯುತ್ತದೆ.

ಹಿಂದಿರುಗುವಾಗ ಮಳೆ ಹಿಡಿಯಿತು. ಕೆರೆಯ ಏರಿಯ ಮೇಲಿನ ದಾರಿ ಉಬ್ಬುತಗ್ಗಿನದು. ಬಂಡಿ ಹಾರಿ ಹಾರಿ ಬೀಳುತ್ತಿತ್ತು. ಎಂಜಿನ್ನಿನ ಎಡಮಗ್ಗುಲಿನಿಂದ ನರಳುವಂಥ ಸದ್ದೊಂದು ಬೆಳಗಿನಿಂದಲೂ ಬರುತ್ತಿತ್ತು. ಈಗ ಅದು ಗೊಗ್ಗರುದನಿಯಾಯಿತು. ಅದಕ್ಕೆ ಕಿವಿಗೊಟ್ಟಿದ್ದಾಗಲೇ ಬೆನ್ನ ಹಿಂದೆ ಲಟ್ಟೆಂದಿತು. ಕ್ಯಾರಿಯರಿನ ಒಂದು ಕಾಲಿನ ಬೋಲ್ಟು ಯಾವಾಗಲೋ ಉದುರಿಹೋಗಿ, ಭಾರವನ್ನೆಲ್ಲ ಹೊತ್ತಿದ್ದ ಇನ್ನೊಂದು ಕಾಲಿನ ಬೆಸುಗೆ ಬಿರಿದಿತ್ತು. ಪೆಟ್ಟಿಗೆ ಏರಿಯಿಂದ ಉರುಳಿ ಕಾಲುವೆಗೆ ಬಿತ್ತು. ಇಳಿದು ಎತ್ತಿಕೊಳ್ಳುವಷ್ಟರಲ್ಲಿ ಮುಚ್ಚಳದ ಸಂದಿನಿಂದ ನೀರು ತುಂಬಿತ್ತು. ಸುರುಳಿ ಬಿಚ್ಚಿದರೆ ಕಾಗದವೆಲ್ಲ ಒಂದೇ ಕಪ್ಪು. ಬೆರಳಿಗೆ ಮಸಿ, ಕಣ್ಣಿಗೆ ಏನೂ ಇಲ್ಲ.

ಮರುದಿನ ಬಂಡಿಯನ್ನು ತಳ್ಳಿಕೊಂಡು ನಮ್ಮ ಬೀದಿಯ ಗ್ಯಾರೇಜಿಗೆ ಹೋದೆ. ಅದರ ಯಜಮಾನರು ವಯಸ್ಸಾದ ಸಾಹೇಬರು, ಮಾತು ಕಡಮೆ. ಕುಕ್ಕರುಗಾಲಿನಲ್ಲಿ ಕುಳಿತು ಚೈನನ್ನು ಒಮ್ಮೆ ಮುಟ್ಟಿ ನೋಡಿ, ತಲೆಯೆತ್ತಿದರು.

‘ಇದು ಚೈನು ಮೇಷ್ಟ್ರೇ, ತಂಬೂರಿ ತಂತಿ ಅಲ್ಲ.’

ಬಿಗಿಯಾಗಿದ್ದರೆ ಒಳ್ಳೆಯದಲ್ಲವೇ ಎಂದೆ. ಅವರು ನನ್ನನ್ನು ಬಂಡಿಯ ಮೇಲೆ ಕೂರಿಸಿ, ಹಿಂದಿನ ಸೀಟಿನ ಮೇಲೆ ಇಬ್ಬರು ಹುಡುಗರಿಗೆ ಒತ್ತಿ ಹಿಡಿಯಲು ಹೇಳಿ, ‘ಈಗ ಬಗ್ಗಿ ನೋಡಿ’ ಎಂದರು. ಚೈನು ಕಬ್ಬಿಣದ ಸಲಾಕೆಯಂತೆ ನೆಟ್ಟಗಾಗಿತ್ತು. ಹಿಂಗಾಲಿಯನ್ನು ಹಿಡಿದಿರುವ ಉದ್ದನೆಯ ತೋಳು ಒಂದು ಕೀಲಿನ ಮೇಲೆ ಆಡುತ್ತದೆ. ಹೊರೆ ಹೇರಿದಾಗ ಬಂಡಿಯ ಹಿಂಭಾಗ ಕುಸಿದು, ಮುಂದಿನ ಹಲ್ಲುಚಕ್ರ, ತೋಳಿನ ಕೀಲು, ಹಿಂಗಾಲಿಯ ಅಚ್ಚು ಈ ಮೂರೂ ಒಂದೇ ಗೆರೆಗೆ ಬರುತ್ತವೆ. ಆಗ ಚೈನು ಕ್ರಮಿಸಬೇಕಾದ ದೂರ ಎಲ್ಲಕ್ಕಿಂತ ಹೆಚ್ಚು. ಬಂಡಿ ಖಾಲಿಯಿದ್ದಾಗ ಬಿಡುವ ಜೋಲು ಆ ದೂರಕ್ಕಾಗಿ ಕಾದಿಟ್ಟ ಗಂಟು. ನಾನು ಆ ಗಂಟನ್ನು ಮಳೆಗಾಲವಿಡೀ ಕಿತ್ತುಕೊಂಡಿದ್ದೆ. ಅದರ ಮೇಲೆ ಹಿಂಭಾರವನ್ನೂ ಹೇರಿದ್ದೆ. ಎಳೆತವನ್ನೆಲ್ಲ ಉಂಡದ್ದು ಹಲ್ಲುಚಕ್ರದ ಹಿಂದಿನ, ಗೇರುಪೆಟ್ಟಿಗೆಯೊಳಗಿನ ಬೇರಿಂಗು. ನರಳುತ್ತಿದ್ದದ್ದು ಅದು.

‘ಎಂಜಿನ್ನು ಬಿಚ್ಚಬೇಕು, ಸಾಮಾನು ತರಿಸಬೇಕು. ಹಬ್ಬದ ಮೇಲೆ ಬನ್ನಿ’ ಎಂದರು.

ಬಸ್ಸಿನಲ್ಲಿ ಹೋಗಿ ನಡೆದುಕೊಂಡಾದರೂ ಆ ಕಲ್ಲನ್ನು ಮುಟ್ಟಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶತಮಾನಗಳಿಂದ ನಿಂತ ಕಲ್ಲು ಮೂರು ವಾರದಲ್ಲಿ ಎಲ್ಲಿಗೆ ಓಡಿಹೋದೀತು ಎಂದುಕೊಂಡೆ.

ಆ ಮೂರು ವಾರ ಸಂಜೆಯ ಹೊತ್ತು ಗ್ಯಾರೇಜಿನ ಕಟ್ಟೆಯೇ ನನ್ನ ಪಾಠಶಾಲೆ. ಕಲಿತದ್ದರಲ್ಲಿ ಚೈನಿನದೇ ದೊಡ್ಡ ಅಧ್ಯಾಯ. ಎಷ್ಟು ಜೋಲಿರಬೇಕೆಂಬುದನ್ನು ಬಂಡಿಯೊಡನೆ ಬರುವ ಕೈಪಿಡಿಯಲ್ಲಿ ಬರೆದಿರುತ್ತಾರೆ. ನಾನು ಅದನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಬಿಚ್ಚಿರಲೇ ಇಲ್ಲ, ಪಠ್ಯವನ್ನು ಓದದೆ ಪರೀಕ್ಷೆಗೆ ಬರುವ ಹುಡುಗರನ್ನು ವರ್ಷಗಟ್ಟಲೆ ಬೈದವನು. ಚೈನು ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲ. ಆದ್ದರಿಂದ ಗಾಲಿಯನ್ನು ತಿರುಗಿಸುತ್ತಾ ಅದು ಅತಿ ಬಿಗಿಯಾಗಿರುವ ಜಾಗವನ್ನು ಹುಡುಕಿ ಅಲ್ಲಿ ಅಳೆಯಬೇಕು. ಅಚ್ಚಿನ ಎರಡೂ ತುದಿಗಳಲ್ಲಿರುವ ಗೆರೆಗಳು ಸರಿಸಮವಾಗಿರಬೇಕು. ಇಲ್ಲವಾದರೆ ಗಾಲಿ ಓರೆಯಾಗಿ ಹಲ್ಲುಗಳು ಒಂದೇ ಮಗ್ಗುಲಿಗೆ ತೇಯುತ್ತವೆ. ಕೆಸರು ಮೆತ್ತಿದ ಚೈನನ್ನು ಸೀಮೆಎಣ್ಣೆ ಮತ್ತು ಮೃದುವಾದ ಬ್ರಷ್ಷಿನಿಂದ ತೊಳೆಯುವುದು. ಪೆಟ್ರೋಲು ಮಾತ್ರ ಕೂಡದು, ಕೊಂಡಿಗಳ ನಡುವಿನ ಪುಟ್ಟ ರಬ್ಬರು ಬಳೆಗಳು ಅದರಿಂದ ಕೆಡುತ್ತವೆ. ಬಟ್ಟೆಯಿಂದ ಒರೆಸಿ, ತೊಂಬತ್ತನೆಯ ನಂಬರಿನ ಗೇರೆಣ್ಣೆಯನ್ನು ಒಳಮಗ್ಗುಲಿಗೆ ಸವರಿ, ಹೆಚ್ಚಾದುದನ್ನು ಮತ್ತೆ ಒರೆಸುವುದು. ಐನೂರು ಕಿಲೋಮೀಟರಿಗೊಮ್ಮೆ ಈ ಅಭ್ಯಂಜನ. ಮಳೆಯಲ್ಲಿ ನೆನೆದರೆ ಅಂದೇ. ನನ್ನ ಬಂಡಿಗೆ ನಡುವಿನ ಸ್ಟ್ಯಾಂಡಿಲ್ಲ, ಹೀಗಾಗಿ ಅಂಗಳದಲ್ಲಿ ಗೇಣು ಗೇಣಾಗಿ ತಳ್ಳಿಕೊಂಡು ಹಚ್ಚುತ್ತೇನೆ. ಎಂಜಿನ್ನನ್ನು ಓಡಲು ಬಿಟ್ಟು ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರುಂಟು. ಸಾಹೇಬರು ತಮ್ಮ ಎಡಗೈಯ ಮೊಂಡು ಬೆರಳನ್ನು ಎತ್ತಿ ತೋರಿಸಿದರು. ಹೆಚ್ಚಿನ ವ್ಯಾಖ್ಯಾನ ಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಪಾಠ ಗಾಲಿಯ ಕಡ್ಡಿಗಳದು. ಸಣ್ಣ ಸ್ಪ್ಯಾನರಿನಿಂದ ಒಂದೊಂದು ಕಡ್ಡಿಯನ್ನೂ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಸರಿಯಾಗಿರುವುದು ಕಿಣಿಕಿಣಿ ಎನ್ನುತ್ತದೆ. ಸಡಿಲವಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಸಾಹೇಬರು ಬೀಡಿ ಸೇದುತ್ತಾ, ಕಣ್ಣು ಮುಚ್ಚಿಕೊಂಡು, ‘ಅದು, ಈಗ ತಟ್ಟಿದಿರಲ್ಲ, ಅದು’ ಎಂದು ದೂರದಿಂದಲೇ ಹೇಳುತ್ತಿದ್ದರು. ಜಲತರಂಗದವರು ಬಟ್ಟಲಿಗೆ ನೀರು ತುಂಬುವಾಗಲೂ ಇಷ್ಟು ಕಿವಿಗೊಡುತ್ತಾರೆಯೇ ಕಾಣೆ. ಉಳಿದವು ಚಿಕ್ಕಪುಟ್ಟವು. ಎಂಜಿನ್ನಿನ ಎಣ್ಣೆಯ ಮಟ್ಟವನ್ನು ಬಂಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕೇ ಹೊರತು ವಾಲಿಸಿ ಅಲ್ಲ. ಟೈರಿನ ಗಾಳಿಯನ್ನು ಹೊರಡುವ ಮೊದಲು, ತಣ್ಣಗಿರುವಾಗ ಅಳೆಯಬೇಕು. ಹೊರೆಯಿದ್ದರೆ ಹಿಂಗಾಲಿಗೆ ತುಸು ಹೆಚ್ಚು. ಧೂಳಿನ ದಾರಿ ಸವೆಸಿದ ಮೇಲೆ ಗಾಳಿ ಸೋಸುವ ಫಿಲ್ಟರನ್ನು ತೆಗೆದು ನೋಡಬೇಕು.

ಇನ್ನು ಬೋಲ್ಟುಗಳು. ನನ್ನ ಪೆಟ್ಟಿಗೆಯನ್ನು ಕಾಲುವೆಗೆ ಹಾಕಿದ್ದು ಎಂಜಿನ್ನಿನ ನಡುಕದಲ್ಲಿ ತಾನಾಗಿಯೇ ಬಿಚ್ಚಿಕೊಂಡ ಒಂದು ಬೋಲ್ಟು. ಈಗ ಎಲ್ಲ ಬೋಲ್ಟುಗಳಿಗೂ ಒಳಗೆ ನೈಲಾನು ಬಳೆಯಿರುವ ನಟ್ಟುಗಳನ್ನು ಹಾಕಿದ್ದೇನೆ. ನಟ್ಟಿನ ಮೇಲಿನಿಂದ ಚೌಕಟ್ಟಿನವರೆಗೆ ಬಿಳಿಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. ಗೆರೆ ತುಂಡಾಗಿ ಕಂಡರೆ ನಟ್ಟು ಅಲುಗಿದೆಯೆಂದು ಅರ್ಥ. ಬೆಳಗ್ಗೆ ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಸಾಕು.

ಹೊರೆಯನ್ನೂ ಮರುಹಂಚಿಕೆ ಮಾಡಿದೆ. ಹಿಂದಿನ ಪೆಟ್ಟಿಗೆಯೂ ಕಬ್ಬಿಣದ ಕ್ಯಾರಿಯರೂ ಗುಜರಿಗೆ ಹೋದವು. ಅಟ್ಟದ ಚೀಲ ಕೆಳಗಿಳಿಯಿತು. ತೂತಿಗೆ ದಪ್ಪ ಕ್ಯಾನ್ವಾಸಿನ ತೇಪೆ ಹಾಕಿಸಿ, ಸೈಲೆನ್ಸರಿಗೂ ಅದಕ್ಕೂ ನಡುವೆ ಕಬ್ಬಿಣದ ಕಂಬಿಯೊಂದನ್ನು ತಡೆಯಾಗಿ ಕೊಟ್ಟೆ. ಎರಡೂ ಚೀಲಗಳನ್ನು ಮನೆಯ ತಕ್ಕಡಿಯಲ್ಲಿ ತೂಗಿ ಸಮಮಾಡುತ್ತೇನೆ. ಭಾರದ ಸ್ಪ್ಯಾನರುಗಳು ತಳದಲ್ಲಿ, ಸವಾರನ ಕಾಲಿಗೆ ಹತ್ತಿರ. ಬಟ್ಟೆ ಮಳೆಯಂಗಿಗಳ ಹಗುರ ಗಂಟೊಂದೇ ಹಿಂದಿನ ಸೀಟಿಗೆ. ಟ್ಯೂಬುಗಳಲ್ಲಿ ಮುಂಗಾಲಿಯದೊಂದನ್ನೇ ಒಯ್ಯುತ್ತೇನೆ. ಆಪತ್ತಿನಲ್ಲಿ 21 ಅಂಗುಲದ ಟ್ಯೂಬನ್ನು ಹಿಂಗಾಲಿಗೂ ಮಡಿಸಿ ತುಂಬಿ ಊರು ಸೇರಬಹುದು. ಸಣ್ಣದನ್ನು ದೊಡ್ಡದಕ್ಕೆ ಎಳೆಯುವುದು ಆಗದ ಮಾತು. ಕಾಗದಕ್ಕೆಂದು ನಲ್ಲಿಸಾಮಾನಿನ ಅಂಗಡಿಯಲ್ಲಿ ನಾಲ್ಕಂಗುಲದ ಪಿ.ವಿ.ಸಿ. ಕೊಳವೆಯ ತುಂಡೊಂದನ್ನು ಕೊಂಡೆ. ಒಂದು ತುದಿಗೆ ಅಂಟಿಸಿದ ಮುಚ್ಚಳ, ಇನ್ನೊಂದಕ್ಕೆ ತಿರುಪಿನ ಮುಚ್ಚಳ, ಒಳಗೆ ರಬ್ಬರು ಬಳೆ. ಅದನ್ನು ಎಡಬದಿಯಲ್ಲಿ, ಸೈಲೆನ್ಸರಿನಿಂದ ದೂರ, ತಗ್ಗಿನಲ್ಲಿ ಬಿಗಿದೆ. ಬೆಂಗಳೂರಿನ ಅಂಗಡಿಯ ಪೆಟ್ಟಿಗೆಗಳ ಬೆಲೆಯ ಮುಂದೆ ಇದರ ಬೆಲೆ ಲೆಕ್ಕಕ್ಕಿಲ್ಲ. ಒಂದು ರಾತ್ರಿ ಬಚ್ಚಲಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಗ್ಗೆ ತೆರೆದೆ. ಒಳಗಿಟ್ಟಿದ್ದ ವೃತ್ತಪತ್ರಿಕೆ ಗರಿಗರಿಯಾಗಿತ್ತು.

ದೀಪಾವಳಿ ಕಳೆದ ವಾರ ಬಂಡಿ ಕೈಗೆ ಬಂತು. ಆ ಹಳ್ಳಿಗೆ ಹೋದೆ. ಚೈನು ಸದ್ದಿಲ್ಲದೆ ಓಡಿತು, ಹ್ಯಾಂಡಲು ನಡುಗಲಿಲ್ಲ, ಕೆರೆಯ ಏರಿಯ ಮೇಲೆ ಯಾವುದೂ ಸಡಿಲವಾಗಲಿಲ್ಲ. ದೂರದಿಂದಲೇ ಕಲ್ಲು ಕಂಡಿತು. ಅಷ್ಟು ದೂರದಿಂದ ಕಾಣಬಾರದಾಗಿತ್ತು.

ಕಲ್ಲಿಗೆ ಬಣ್ಣ ಹಚ್ಚಿದ್ದರು. ಕಾಳಗದ ಕುದುರೆಗೆ ಬೆಳ್ಳಿಬಣ್ಣ, ಅಪ್ಸರೆಯರಿಗೆ ಹಳದಿ, ಬರಹದ ಪಟ್ಟಿಗಳಿಗೆ ಹೊಳೆಹೊಳೆಯುವ ನೀಲಿ ಎನಾಮಲ್ಲು. ಅಂದು ನೀರು ತಂದುಕೊಟ್ಟಿದ್ದ ಹಿರಿಯರೇ ಎದುರುಬಂದು ಕೈಮುಗಿದರು.

‘ಈ ಕಲ್ಲಿನ ಕಡೆ ನಾವ್ಯಾರೂ ತಿರುಗಿ ನೋಡಿರ್ಲಿಲ್ಲ ಸಾರ್. ನೀವು ಅಷ್ಟು ದೂರದಿಂದ ಬಂದು, ತೊಳೆದು, ಅಷ್ಟೊತ್ತು ಮುಂದೆ ಕೂತ್ರಲ್ಲ, ನಮಗೇ ನಾಚಿಕೆ ಆಯ್ತು. ಹಬ್ಬಕ್ಕೆ ಗುಡಿಗೆ ತಂದ ಬಣ್ಣ ಉಳಿದಿತ್ತು, ಹೊಡೆಸಿಬಿಟ್ವಿ. ಚೆನ್ನಾಗಿದೆಯಾ ಸಾರ್?’

ಚೆನ್ನಾಗಿದೆ ಎಂದೆ. ಬೇರೇನು ಹೇಳಲಿ? ಆಮೇಲೆ ಅವರ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ, ಇನ್ನು ಮುಂದೆ ಬಣ್ಣ ಬೇಡವೆಂದೂ, ಅಕ್ಷರ ಮುಚ್ಚಿಹೋಗುತ್ತದೆಂದೂ ಮೆಲ್ಲಗೆ ತಿಳಿಸಿದೆ. ಅವರ ಮುಖ ಸಣ್ಣದಾಯಿತು. ಬಣ್ಣ ಕರಗಿಸುವ ದ್ರಾವಣಗಳುಂಟು. ಆದರೆ ಅಷ್ಟು ಸವೆದ ಕಲ್ಲಿನ ಮೇಲೆ ಅದನ್ನು ಪ್ರಯೋಗಿಸುವ ಧೈರ್ಯ ನನಗೆ ಬರಲಿಲ್ಲ. ಮೊದಲೆರಡು ಸಾಲುಗಳನ್ನು ನೆನಪಿನಿಂದ ಬರೆದಿಟ್ಟುಕೊಂಡಿದ್ದೇನೆ.

ಅಲ್ಲಿಂದ ಈಚೆಗೆ ಪ್ರತಿ ಚಳಿಗಾಲದಲ್ಲೂ ಒಮ್ಮೆ ಹೋಗಿಬರುತ್ತೇನೆ. ಹಿರಿಯರು ಮಾತು ಉಳಿಸಿಕೊಂಡಿದ್ದಾರೆ. ಮತ್ತೆ ಬಣ್ಣ ಬಿದ್ದಿಲ್ಲ. ಮಳೆ ಬಿಸಿಲುಗಳು ತಮ್ಮ ಕೆಲಸವನ್ನು ನಿಧಾನವಾಗಿ ಮಾಡುತ್ತಿವೆ. ಕಳೆದ ಸಲ ಮೂರನೆಯ ಸಾಲಿನ ಬಲತುದಿಯಲ್ಲಿ ನೀಲಿಯ ಹೊಪ್ಪಳೆಯೊಂದು ಎದ್ದು ಬಿದ್ದಿತ್ತು. ಸಂಜೆಯ ಓರೆಬಿಸಿಲಿಗಾಗಿ ಕಾದು ಕುಳಿತೆ. ‘ಗಾವುಣ್ಡ’ ಎಂಬಷ್ಟು ಕಂಡಿತು. ಕಾಗದ ಹಚ್ಚಿ ಅಷ್ಟನ್ನೇ ಅಚ್ಚು ತೆಗೆದು, ಆರಿಸಿ, ಕೊಳವೆಯೊಳಗಿಟ್ಟು ತಿರುಪು ಬಿಗಿದೆ. ಯಾವ ಗಾವುಣ್ಡ ಎಂಬುದು ಇನ್ನೂ ನೀಲಿಯ ಕೆಳಗಿದೆ.